ಸಣ್ಣ ಪ್ರೌಢಶಾಲೆಯ ಪಾಠ, ವಿಷಯ, ತರಗತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಪ್ರೌಢಶಾಲೆ ಎಂದು ಇಲ್ಲಿ ಕರೆದಿರುವುದು ಇಡೀ ಶಾಲೆಯಲ್ಲಿ ನೂರರೊಳಗೆ ಮಕ್ಕಳಿರುವ, ಒಂದೊಂದು ತರಗತಿಗೆ ಒಂದೇ ವಿಭಾಗವಿರುವ, ಶಿಕ್ಷಕರನ್ನು ಬೆರಳಲ್ಲಿ ಎಣಿಸಬಹುದಾದ ಶಾಲೆಯನ್ನು. ಅಂಥ ಶಾಲೆಯಲ್ಲಿ ನಾನು ಬಹುಕಾಲ ಗಣಿತ ಮತ್ತು ಭೌತವಿಜ್ಞಾನ ಕಲಿಸಿದ್ದೇನೆ. ಮಕ್ಕಳನ್ನು ಸೇರಿಸಲು ಬಂದ ತಂದೆತಾಯಂದಿರು, ಸೇರಿದ ಮೇಲೆ ಮಕ್ಕಳು, ಕೆಲವೊಮ್ಮೆ ಹೊಸದಾಗಿ ಕೆಲಸಕ್ಕೆ ಬಂದ ಶಿಕ್ಷಕರು ಕೇಳಿದ ಪ್ರಶ್ನೆಗಳು ಇವು.

ಇಷ್ಟು ಚಿಕ್ಕ ಶಾಲೆಯಲ್ಲಿ ಎಲ್ಲ ವಿಷಯಗಳೂ ಇರುತ್ತವೆಯೇ?

ಮುಖ್ಯ ವಿಷಯಗಳೆಲ್ಲ ಇರುತ್ತವೆ. ಭಾಷೆಗಳು, ಗಣಿತ, ವಿಜ್ಞಾನ, ಇತಿಹಾಸ, ಭೂಗೋಳ ಇವಿಲ್ಲದೆ ಪ್ರೌಢಶಾಲೆ ನಡೆಯುವುದಿಲ್ಲ. ಕಡಿಮೆ ಬೀಳುವುದು ಐಚ್ಛಿಕ ವಿಷಯಗಳು. ಮೂರನೆಯ, ನಾಲ್ಕನೆಯ ಭಾಷೆ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವಾದ್ಯ ಸಂಗೀತ, ಮುಂದುವರಿದ ಹಂತದ ಗಣಿತ ಇಂಥವು ದೊಡ್ಡ ಶಾಲೆಯ ಪಟ್ಟಿಯಲ್ಲಿ ಸಾಲಾಗಿ ಕಾಣುತ್ತವೆ, ಸಣ್ಣ ಶಾಲೆಯಲ್ಲಿ ಒಂದೋ ಎರಡೋ ಇದ್ದಾವು.

ಈ ಕೊರತೆಯ ಮಾತು ಹೊಸದಲ್ಲ. ಅಮೆರಿಕದ ರಸಾಯನಶಾಸ್ತ್ರಜ್ಞ, ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಜೇಮ್ಸ್ ಕೊನಂಟ್ 1959ರಲ್ಲಿ, ಅಂತಿಮ ತರಗತಿಯಲ್ಲಿ ಕನಿಷ್ಠ ನೂರು ವಿದ್ಯಾರ್ಥಿಗಳಾದರೂ ಇಲ್ಲದಿದ್ದರೆ ಪ್ರೌಢಶಾಲೆಗೆ ಸಾಕಷ್ಟು ವಿಷಯಗಳನ್ನು ಕಲಿಸಲು ಆಗದು ಎಂದು ವಾದಿಸಿದರು. ಐದೇ ವರ್ಷಗಳ ನಂತರ, 1964ರಲ್ಲಿ, ಮನೋವಿಜ್ಞಾನಿಗಳಾದ ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಅಮೆರಿಕದ ಕಾನ್ಸಾಸ್ ರಾಜ್ಯದ ದೊಡ್ಡ ಮತ್ತು ಸಣ್ಣ ಪ್ರೌಢಶಾಲೆಗಳನ್ನು ಹೋಲಿಸಿ ಬೇರೊಂದು ಸಂಗತಿಯನ್ನು ಮುಂದಿಟ್ಟರು. ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳ ಪಟ್ಟಿ ಉದ್ದವಿದ್ದರೂ, ಒಬ್ಬೊಬ್ಬ ವಿದ್ಯಾರ್ಥಿ ಜವಾಬ್ದಾರಿ ಹೊತ್ತು ಪಾಲ್ಗೊಳ್ಳುವುದು ಸಣ್ಣ ಶಾಲೆಯಲ್ಲೇ ಹೆಚ್ಚು ಎಂಬುದು ಅವರು ಕಂಡದ್ದು. ಎರಡೂ ಕಡೆಯ ಮಾತಿನಲ್ಲಿ ಸತ್ಯವಿದೆ. ನಿಮ್ಮ ಮಗುವಿಗೆ ಈ ಎರಡರಲ್ಲಿ ಯಾವುದು ಹೆಚ್ಚು ಬೇಕು ಎಂಬುದನ್ನು ನೀವೇ ಯೋಚಿಸಬೇಕು.

ಐದಾರು ಶಿಕ್ಷಕರು ಅಷ್ಟೊಂದು ವಿಷಯಗಳನ್ನು ಹೇಗೆ ನಿಭಾಯಿಸುತ್ತಾರೆ?

ಲೆಕ್ಕ ಹಾಕಿ ನೋಡೋಣ. ಮೂರು ತರಗತಿಗಳಿವೆ, ಪ್ರತಿ ತರಗತಿಗೆ ವಾರಕ್ಕೆ 35 ಪೀರಿಯಡ್ ಎಂದಿಟ್ಟುಕೊಳ್ಳಿ. ಒಟ್ಟು 105 ಪೀರಿಯಡ್. ಒಬ್ಬ ಶಿಕ್ಷಕ ವಾರಕ್ಕೆ 21 ಪೀರಿಯಡ್ ತೆಗೆದುಕೊಂಡರೆ ಐದು ಜನ ಸಾಕು. ಆದರೆ ವಿಷಯಗಳನ್ನು ಎಣಿಸಿದರೆ ಎಂಟು ದಾಟುತ್ತವೆ. ಐದು ಜನ, ಎಂಟು ವಿಷಯ. ಅಂದರೆ ಯಾರಾದರೂ ಎರಡು ವಿಷಯ ಹೊರಲೇಬೇಕು. ಇತಿಹಾಸದವರು ಭೂಗೋಳವನ್ನು, ಗಣಿತದವರು ಭೌತವಿಜ್ಞಾನವನ್ನು, ಭಾಷೆಯವರು ನಾಟಕ ಅಥವಾ ಚಿತ್ರಕಲೆಯನ್ನು ನೋಡಿಕೊಳ್ಳುವುದು ಇದೇ ಕಾರಣಕ್ಕೆ.

ವೇಳಾಪಟ್ಟಿ ಮಾಡುವವರ ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ. ಒಬ್ಬರು ರಜೆ ಹಾಕಿದರೆ ಮೂರು ತರಗತಿಗಳ ಒಂದು ವಿಷಯ ಪೂರ್ತಿ ನಿಂತುಹೋಗುತ್ತದೆ, ಬದಲಿಗೆ ಕಳಿಸಲು ಅದೇ ವಿಷಯದ ಇನ್ನೊಬ್ಬರು ಶಾಲೆಯಲ್ಲಿಲ್ಲ. ಒಬ್ಬೊಬ್ಬ ಶಿಕ್ಷಕರೂ ಮೂರು ದಿನಕ್ಕೆ ಸಾಕಾಗುವಷ್ಟು ಅಭ್ಯಾಸದ ಹಾಳೆಗಳನ್ನು ಮೊದಲೇ ಸಿದ್ಧಮಾಡಿ ಬೀರುವಿನಲ್ಲಿ ಇಟ್ಟಿರುವ ಶಾಲೆ ಜಾಣ ಶಾಲೆ. ಸೇರಿಸುವ ಮುನ್ನ ಇದನ್ನು ಕೇಳಿ ತಿಳಿದುಕೊಳ್ಳಿ.

ಗಣಿತದ ಶಿಕ್ಷಕರೇ ವಿಜ್ಞಾನವನ್ನೂ ಕಲಿಸುತ್ತಾರಂತೆ. ಇದು ಸರಿಯೇ?

ಭೌತವಿಜ್ಞಾನವಾದರೆ ಸರಿ ಮಾತ್ರವಲ್ಲ, ಒಳ್ಳೆಯದು. ವೇಗದ ನಕ್ಷೆಯನ್ನು ಬಿಡಿಸುವ ದಿನವೇ ಸರಳರೇಖೆಯ ಇಳಿಜಾರನ್ನು ಕಲಿಸಬಹುದು. ಗಣಿತದ ಪೀರಿಯಡ್‌ನಲ್ಲಿ ಅನುಪಾತ ಅರ್ಥವಾಗದ ಹುಡುಗ ಭೌತವಿಜ್ಞಾನದಲ್ಲಿ ಸಾಂದ್ರತೆಯ ಬಳಿ ಎಡವುತ್ತಾನೆ ಎಂಬುದು ಒಬ್ಬರೇ ಶಿಕ್ಷಕರಿಗೆ ಮೊದಲೇ ಗೊತ್ತಿರುತ್ತದೆ.

ಜೀವವಿಜ್ಞಾನವಾದರೆ ನಾನು ಹೀಗೆ ಹೇಳಲಾರೆ. ಅದಕ್ಕೆ ಬೇರೆಯದೇ ಕಣ್ಣು ಬೇಕು. ತಾನು ಓದಿರದ ವಿಷಯವನ್ನು ಕಲಿಸುವವರು ಪಠ್ಯಪುಸ್ತಕದ ಸಾಲುಗಳನ್ನು ಬಿಟ್ಟು ಆಚೆಗೆ ಹೋಗಲು ಅಂಜುತ್ತಾರೆ, ಮಕ್ಕಳು ಕೇಳಿದ ಪ್ರಶ್ನೆಯನ್ನು ತೇಲಿಸಿಬಿಡುತ್ತಾರೆ. ‘ಈ ವಿಷಯವನ್ನು ಎಷ್ಟು ವರ್ಷದಿಂದ ಕಲಿಸುತ್ತಿದ್ದೀರಿ, ತಿಳಿಯದಿದ್ದಾಗ ಯಾರನ್ನು ಕೇಳುತ್ತೀರಿ’ ಎಂದು ನೇರವಾಗಿ ವಿಚಾರಿಸಿ. ಪ್ರಾಮಾಣಿಕ ಶಿಕ್ಷಕರು ಬೇಸರಪಡುವುದಿಲ್ಲ.

ತರಗತಿಯಲ್ಲಿ ಹದಿನೈದೇ ಮಕ್ಕಳಿದ್ದರೆ ನಿಜಕ್ಕೂ ಚೆನ್ನಾಗಿ ಕಲಿಯುತ್ತಾರೆಯೇ?

ಇದಕ್ಕೆ ಎಲ್ಲರೂ ಉದಾಹರಿಸುವುದು ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ 1985ರಲ್ಲಿ ಆರಂಭವಾದ ‘ಸ್ಟಾರ್’ ಅಧ್ಯಯನವನ್ನು. ಮಕ್ಕಳನ್ನೂ ಶಿಕ್ಷಕರನ್ನೂ ಚೀಟಿ ಎತ್ತಿದಂತೆ ಹಂಚಿ, 13ರಿಂದ 17 ಮಕ್ಕಳ ತರಗತಿಗಳನ್ನು 22ರಿಂದ 25 ಮಕ್ಕಳ ತರಗತಿಗಳೊಂದಿಗೆ ಹೋಲಿಸಲಾಯಿತು. ಸಣ್ಣ ತರಗತಿಯ ಮಕ್ಕಳು ಓದಿನಲ್ಲೂ ಗಣಿತದಲ್ಲೂ ಮುಂದಿದ್ದರು. ಆದರೆ ಆ ಮಕ್ಕಳು ಶಿಶುವಿಹಾರದಿಂದ ಮೂರನೆಯ ತರಗತಿಯವರೆಗಿನವರು. ಪ್ರೌಢಶಾಲೆಯ ಹದಿನಾಲ್ಕರ ಹುಡುಗನಿಗೆ ಅದೇ ಫಲ ಸಿಗುತ್ತದೆ ಎಂದು ಆ ಅಧ್ಯಯನದ ಹೆಸರಿನಲ್ಲಿ ಭರವಸೆ ಕೊಡುವುದು ತಪ್ಪು.

ಮಕ್ಕಳು ಕಡಿಮೆಯಾದರೆ ಸಾಕು, ಕಲಿಕೆ ತಾನಾಗಿ ಹೆಚ್ಚುತ್ತದೆ ಎಂದು ನಾನು ನಂಬುವುದಿಲ್ಲ. ಅರವತ್ತು ಜನರಿಗೆ ಮಾಡಿದ ಭಾಷಣವನ್ನೇ ಹದಿನೈದು ಜನರಿಗೂ ಮಾಡಿದರೆ ಉಳಿದದ್ದು ಬೆಂಚು ಮಾತ್ರ. ಮಕ್ಕಳು ಕಡಿಮೆಯಿದ್ದಾಗ ಶಿಕ್ಷಕರಿಗೆ ಒಂದು ಅವಕಾಶ ಸಿಗುತ್ತದೆ: ತಪ್ಪು ಎಲ್ಲಿ ಹುಟ್ಟಿತು ಎಂದು ನೋಡುವ ಅವಕಾಶ.

ಒಬ್ಬ ಹುಡುಗಿ ಸಮೀಕರಣಗಳಲ್ಲಿ ಯಾವಾಗಲೂ ತಪ್ಪು ಉತ್ತರ ಬರೆಯುತ್ತಿದ್ದಳು. ವಿಧಾನವೆಲ್ಲ ಸರಿ, ಕೊನೆಗೆ ಮಾತ್ರ ಉತ್ತರ ಬೇರೆ. ‘ಅಜಾಗರೂಕತೆ’ ಎಂದು ಹಿಂದಿನ ವರ್ಷಗಳ ಪುಸ್ತಕಗಳಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಒಂದು ದಿನ ಪಕ್ಕದಲ್ಲಿ ಕುಳಿತು ಸಾಲು ಸಾಲಾಗಿ ನೋಡಿದೆ. ಆವರಣದ ಹಿಂದೆ ಋಣ ಚಿಹ್ನೆ ಬಂದಾಗಲೆಲ್ಲ ಅವಳು ಒಳಗಿನ ಮೊದಲ ಪದದ ಚಿಹ್ನೆಯನ್ನು ಮಾತ್ರ ಬದಲಿಸುತ್ತಿದ್ದಳು, ಎರಡನೆಯದನ್ನು ಹಾಗೆಯೇ ಇಳಿಸುತ್ತಿದ್ದಳು. ಹಾಳೆಯ ಮೇಲೆ 10 − (7 − 3) ಎಂದು ಬರೆದುಕೊಟ್ಟೆ. ಆವರಣ ಬಿಡಿಸಿ 10 − 7 − 3 ಎಂದು ಬರೆದು ಸೊನ್ನೆ ತಂದಳು. ‘ಈಗ ಆವರಣದ ಒಳಗಿನದನ್ನು ಮೊದಲು ಮಾಡು’ ಎಂದೆ. 10ರಲ್ಲಿ 4 ಕಳೆದು 6 ಬಂತು. ಎರಡು ಉತ್ತರಗಳನ್ನೂ ಬಹಳ ಹೊತ್ತು ನೋಡುತ್ತ ಕುಳಿತಳು. ಆಮೇಲೆ ಪುಸ್ತಕ ಹಿಂದಕ್ಕೆ ತಿರುಗಿಸಿ, ಹಳೆಯ ಲೆಕ್ಕಗಳನ್ನು ತಾನೇ ತಿದ್ದಲು ಶುರುಮಾಡಿದಳು. ಅಜಾಗರೂಕತೆ ಅವಳಲ್ಲಿ ಇರಲೇ ಇಲ್ಲ. ಒಂದು ನಿಯಮವನ್ನು ತಪ್ಪಾಗಿ ಕಲಿತು, ಅದನ್ನು ಬಹು ಜಾಗರೂಕತೆಯಿಂದ ಪಾಲಿಸುತ್ತಿದ್ದಳು.

ಭಾಷಾ ತರಗತಿಗಳಲ್ಲಿ ಏನು ವ್ಯತ್ಯಾಸ?

ಬರೆಸುವುದರಲ್ಲಿ ವ್ಯತ್ಯಾಸ, ಅದೂ ದೊಡ್ಡ ವ್ಯತ್ಯಾಸ. ಒಂದು ಪ್ರಬಂಧವನ್ನು ಓದಿ, ಗುರುತು ಹಾಕಿ, ಎರಡು ಸಾಲು ಸಲಹೆ ಬರೆಯಲು ಎಂಟು ನಿಮಿಷ ಬೇಕು ಎನ್ನಿ. ಅರವತ್ತು ಪ್ರಬಂಧಗಳಿಗೆ ಎಂಟು ಗಂಟೆ. ಹದಿನೈದಕ್ಕೆ ಎರಡು ಗಂಟೆ. ಎಂಟು ಗಂಟೆಯ ಕೆಲಸವನ್ನು ಯಾವ ಶಿಕ್ಷಕರೂ ವಾರವಾರ ಮಾಡಲಾರರು, ಹಾಗಾಗಿ ದೊಡ್ಡ ತರಗತಿಯಲ್ಲಿ ಪ್ರಬಂಧಗಳು ವರ್ಷಕ್ಕೆ ನಾಲ್ಕೈದಕ್ಕೆ ನಿಲ್ಲುತ್ತವೆ. ಎರಡು ಗಂಟೆಯ ಕೆಲಸವನ್ನು ವಾರವಾರ ಮಾಡಬಹುದು.

ಸಣ್ಣ ಶಾಲೆಯಲ್ಲಿ ಮಗು ಬರೆದದ್ದನ್ನೇ ತಿದ್ದಿ ಮತ್ತೆ ಬರೆಯುವ ಅಭ್ಯಾಸವಾಗಬೇಕು. ಮೊದಲ ಕರಡು, ಎರಡನೆಯ ಕರಡು ಎರಡನ್ನೂ ಒಂದೇ ಪುಸ್ತಕದಲ್ಲಿ ಎದುರುಬದುರು ಪುಟಗಳಲ್ಲಿ ಬರೆಸುವ ಶಿಕ್ಷಕರನ್ನು ನಾನು ಬಲ್ಲೆ. ಎಡಗಡೆ ಗಜಿಬಿಜಿ, ಬಲಗಡೆ ತಿಳಿ. ಮಗು ತಾನು ಬೆಳೆದದ್ದನ್ನು ತಾನೇ ನೋಡುತ್ತದೆ. ಇಷ್ಟೇ ಮಕ್ಕಳಿದ್ದೂ ತಿಂಗಳಿಗೊಂದು ಪ್ರಬಂಧವನ್ನೂ ಬರೆಸದ ಶಾಲೆ, ಕೈಯಲ್ಲಿದ್ದ ಬೆಣ್ಣೆಯನ್ನು ಕರಗಿಸಿ ಕಳೆದುಕೊಂಡಂತೆ.

ಪ್ರಯೋಗಾಲಯ ತೀರ ಚಿಕ್ಕದು. ವಿಜ್ಞಾನ ಕಲಿಯಲು ಸಾಧ್ಯವೇ?

ಕೆಲವು ಪ್ರಯೋಗಗಳಿಗೆ ಸಲಕರಣೆ ಬೇಕೇ ಬೇಕು. ಒಳ್ಳೆಯ ಸೂಕ್ಷ್ಮದರ್ಶಕವಿಲ್ಲದೆ ಜೀವಕೋಶವನ್ನು ಚಿತ್ರದಲ್ಲಿ ತೋರಿಸಿ ಮುಗಿಸುವುದು ಅನ್ಯಾಯ. ಆಮ್ಲಗಳನ್ನು ಬಳಸುವಲ್ಲಿ ಗಾಳಿಯಾಡುವ ಕೋಣೆ, ಕಣ್ಣಿಗೆ ಕನ್ನಡಕ, ಹತ್ತಿರದಲ್ಲಿ ನೀರು ಇರಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ. ಆದರೆ ಪ್ರೌಢಶಾಲೆಯ ಭೌತವಿಜ್ಞಾನದ ಬಹುಪಾಲು ದಾರ, ಕಲ್ಲು, ಅಳತೆಪಟ್ಟಿ, ಗಡಿಯಾರ, ಕನ್ನಡಿ, ಮಸೂರ, ಬ್ಯಾಟರಿ, ತಂತಿಗಳಲ್ಲಿ ಮುಗಿಯುತ್ತದೆ.

ಲೋಲಕದ ಪ್ರಯೋಗವನ್ನೇ ನೋಡಿ. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡ್ ಬೇಕು. ಇಪ್ಪತ್ತು ಸಲಕ್ಕೆ ಸುಮಾರು 40 ಸೆಕೆಂಡ್. ಪೈಯ ವರ್ಗವನ್ನು ನಾಲ್ಕರಿಂದಲೂ ಉದ್ದದಿಂದಲೂ ಗುಣಿಸಿ, ಅವಧಿಯ ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ ಸಿಗುತ್ತದೆ. ಪುಸ್ತಕದಲ್ಲಿ ಅದು 9.8.

ನಮ್ಮಲ್ಲಿ ಒಂದು ತಂಡ ಮುಷ್ಟಿಗಾತ್ರದ ಕಲ್ಲನ್ನು ದಾರಕ್ಕೆ ಕಟ್ಟಿ ಕಿಟಕಿಯ ಸರಳಿಗೆ ತೂಗುಹಾಕಿತು. ಇಪ್ಪತ್ತು ತೂಗಾಟಕ್ಕೆ 40.9 ಸೆಕೆಂಡ್. ಲೆಕ್ಕ ಹಾಕಿದರೆ 9.4. ಮತ್ತೆ ಮಾಡಿದರು, ಮತ್ತೆ 9.4. ಪಕ್ಕದ ತಂಡಕ್ಕೆ 9.8 ಬಂದಿತ್ತು. ದೊಡ್ಡ ತರಗತಿಯಲ್ಲಾಗಿದ್ದರೆ ಈ ಮಕ್ಕಳು ಪಕ್ಕದವರ ಸಂಖ್ಯೆಯನ್ನು ದಾಖಲೆ ಪುಸ್ತಕಕ್ಕೆ ಇಳಿಸಿಕೊಂಡು ಮನೆಗೆ ಹೋಗುತ್ತಿದ್ದರು. ಅಂದು ಏಳೇ ಮಕ್ಕಳು, ಯಾರಿಗೂ ಹಾಗೆ ಮಾಡಲು ಮರೆ ಇರಲಿಲ್ಲ. ನಾನೂ ಕಾರಣ ಹೇಳಲಿಲ್ಲ. ಹೇಳಲು ನಾಲಿಗೆ ತುದಿಯವರೆಗೆ ಬಂದಿತ್ತು, ತಡೆದುಕೊಂಡೆ. ಮರುದಿನ ಒಬ್ಬ ಹುಡುಗ ಕಲ್ಲನ್ನು ಕೈಯಲ್ಲಿ ತಿರುಗಿಸುತ್ತ ನಿಂತವನು, ‘ನಾವು ಗಂಟಿನವರೆಗೆ ಅಳೆದಿದ್ದೇವೆ, ತೂಗುವುದು ಕಲ್ಲು ಪೂರ್ತಿ’ ಎಂದ. ಕಲ್ಲಿನ ನಡುವಿನವರೆಗೆ ಅಳೆದಾಗ ಉದ್ದ ನಾಲ್ಕು ಸೆಂಟಿಮೀಟರ್ ಹೆಚ್ಚಿತು, ಉತ್ತರ 9.8ಕ್ಕೆ ಬಂದು ನಿಂತಿತು. ಆ ನಾಲ್ಕು ಸೆಂಟಿಮೀಟರ್‌ಗಾಗಿ ಎರಡು ಪೀರಿಯಡ್ ಖರ್ಚಾಯಿತು. ನನಗೆ ಸ್ವಲ್ಪವೂ ಪಶ್ಚಾತ್ತಾಪವಿಲ್ಲ.

ರಸಾಯನವಿಜ್ಞಾನ ಬರೀ ಬಾಯಿಪಾಠವಾಗುತ್ತಿದೆ. ಏನು ಮಾಡಬಹುದು?

ಆವರ್ತಕ ಕೋಷ್ಟಕವನ್ನು ಗೋಡೆಗೆ ತೂಗುಹಾಕಿ ಓದಿಸುವ ಬದಲು ಮಕ್ಕಳ ಕೈಗೆ ಕೊಡಿ. ರಟ್ಟಿನ ಚೀಟಿಗಳ ಮೇಲೆ ಒಂದೊಂದು ಧಾತುವಿನ ಪರಮಾಣು ತೂಕ ಮತ್ತು ಎರಡು ಗುಣಗಳನ್ನು ಬರೆದು, ನೆಲದ ಮೇಲೆ ಜೋಡಿಸಲು ಹೇಳಿ. ಒಂದೆರಡು ಚೀಟಿಗಳನ್ನು ಬೇಕೆಂದೇ ಬಚ್ಚಿಡಿ. ಎಲ್ಲೋ ಒಂದು ಜಾಗ ಖಾಲಿ ಉಳಿಯಬೇಕು ಎಂದು ಮಕ್ಕಳೇ ಹೇಳುವ ಗಳಿಗೆ ಬರುತ್ತದೆ. ಆಗ ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್‌ನ ಕತೆ ತೆಗೆಯಿರಿ. 1869ರಲ್ಲಿ ಆತ ಕೋಷ್ಟಕ ಪ್ರಕಟಿಸಿದಾಗ ಇನ್ನೂ ಯಾರೂ ಕಾಣದ ಧಾತುಗಳಿಗೆ ಜಾಗ ಬಿಟ್ಟಿದ್ದ. 1875ರಲ್ಲಿ ಗ್ಯಾಲಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕವು. ಜರ್ಮೇನಿಯಂನ ಜಾಗಕ್ಕೆ ಆತ ಊಹಿಸಿದ್ದ ಪರಮಾಣು ತೂಕ 72, ಸಿಕ್ಕ ಧಾತುವಿನದು 72.6. ಹನ್ನೆರಡು ಮಕ್ಕಳು ನೆಲದ ಮೇಲೆ ಸುತ್ತ ಕುಳಿತು ಮಾಡಬಹುದಾದ ಪಾಠ ಇದು, ಅರವತ್ತು ಜನರಿಗೆ ಜಾಗವೇ ಸಾಲದು.

ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಮೇಲಿನ ತರಗತಿಯವರಿಗೆ ನಷ್ಟವಲ್ಲವೇ?

ಯಾವ ವಿಷಯ ಎಂಬುದರ ಮೇಲೆ ಹೋಗುತ್ತದೆ. ಇತಿಹಾಸದಲ್ಲಿ ನಷ್ಟವಾಗಬೇಕಿಲ್ಲ. 1789ರ ಫ್ರೆಂಚ್ ಕ್ರಾಂತಿಯನ್ನು ತೆಗೆದುಕೊಂಡರೆ, ಕಿರಿಯರು ಘಟನೆಗಳನ್ನು ಕ್ರಮವಾಗಿ ಜೋಡಿಸಿ ಕಾಲರೇಖೆ ಮಾಡುತ್ತಾರೆ. ಹಿರಿಯರು ಅದೇ ಘಟನೆಯ ಬಗ್ಗೆ ಎರಡು ಭಿನ್ನ ವಿವರಣೆಗಳನ್ನು ಓದಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಏಕೆ ಬಿಟ್ಟಿದ್ದಾರೆ ಎಂದು ಬರೆಯುತ್ತಾರೆ. ಕಥೆಯನ್ನು ಎಲ್ಲರೂ ಒಟ್ಟಿಗೆ ಕೇಳುತ್ತಾರೆ, ಕೆಲಸ ಮಾತ್ರ ಬೇರೆ. ಸಾಹಿತ್ಯ, ಚಿತ್ರಕಲೆ, ಭೂಗೋಳದಲ್ಲಿಯೂ ಇದು ನಡೆಯುತ್ತದೆ.

ಗಣಿತದಲ್ಲಿ ನಡೆಯುವುದಿಲ್ಲ. ಅಲ್ಲಿ ಮೆಟ್ಟಿಲು ಹತ್ತದೆ ಮಹಡಿಗೆ ಹೋಗಲಾಗದು. ಎರಡು ತರಗತಿಗಳಿಗೆ ಒಂದೇ ಪೀರಿಯಡ್‌ನಲ್ಲಿ ಗಣಿತ ಹೇಳುವುದೆಂದರೆ ಪ್ರತಿಯೊಬ್ಬರಿಗೂ ಅರ್ಧ ಪೀರಿಯಡ್ ಕೊಟ್ಟಂತೆ. ಅನಿವಾರ್ಯವಾದರೆ ಒಂದು ಗುಂಪು ಅಭ್ಯಾಸ ಮಾಡುವಾಗ ಇನ್ನೊಂದಕ್ಕೆ ಪಾಠ, ಮರುದಿನ ಅದಲು ಬದಲು. ಶಾಲೆಗೆ ಎಷ್ಟೇ ಶಿಕ್ಷಕರ ಕೊರತೆಯಿದ್ದರೂ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸುವ ವಿಷಯಗಳಲ್ಲಿ ಗಣಿತ ಕೊನೆಯದಾಗಿರಬೇಕು ಎಂಬುದು ನನ್ನ ಹಟ.

ಕೆಲವು ವಿಷಯಗಳನ್ನು ವರ್ಷ ಬಿಟ್ಟು ವರ್ಷ ಕಲಿಸುತ್ತಾರೆ. ಏಕೆ?

ಎರಡು ತರಗತಿಗಳ ಮಕ್ಕಳು ಸೇರಿದರೆ ಮಾತ್ರ ಒಂದು ಒಳ್ಳೆಯ ಗುಂಪಾಗುತ್ತದೆ ಎಂಬ ಕಾರಣಕ್ಕೆ. ಈ ವರ್ಷ ಅರ್ಥಶಾಸ್ತ್ರ, ಮುಂದಿನ ವರ್ಷ ಪರಿಸರ ಅಧ್ಯಯನ ಎಂದು ಸರದಿ ಇಟ್ಟರೆ ಪ್ರತಿಯೊಬ್ಬರೂ ಶಾಲೆ ಬಿಡುವುದರೊಳಗೆ ಎರಡನ್ನೂ ಮುಗಿಸುತ್ತಾರೆ. ನಡುವೆ ಸೇರಿದ ಮಗುವಿಗೆ ಮಾತ್ರ ಒಂದು ತಪ್ಪಿಹೋಗಬಹುದು. ಬೇರೆ ಶಾಲೆಯಿಂದ ಬರುವವರು ಸರದಿಯ ಪಟ್ಟಿಯನ್ನು ಮೊದಲ ದಿನವೇ ಕೇಳಿ ಪಡೆಯಿರಿ.

ಮಗಳಿಗೆ ಬೇಕಾದ ವಿಷಯ ಶಾಲೆಯಲ್ಲಿಲ್ಲ. ದೂರಶಿಕ್ಷಣದಲ್ಲಿ ಕಲಿಯಬಹುದೇ?

ಕಲಿಯಬಹುದು. ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ 1840ರಲ್ಲಿಯೇ ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸಿ, ಕಲಿಯುವವರು ಬರೆದು ಕಳಿಸಿದ್ದನ್ನು ತಿದ್ದಿ ಹಿಂದಿರುಗಿಸುತ್ತಿದ್ದ. ಆ ತಿದ್ದಿ ಹಿಂದಿರುಗಿಸುವ ಕೆಲಸವೇ ಮುಖ್ಯ. ವಿಡಿಯೊ ಎಷ್ಟು ಚೆನ್ನಾಗಿದ್ದರೂ, ಬರೆದದ್ದನ್ನು ಯಾರೂ ನೋಡದಿದ್ದರೆ ಮಕ್ಕಳು ಆರನೆಯ ವಾರದ ಹೊತ್ತಿಗೆ ಕೈಬಿಡುತ್ತಾರೆ. ನಾನು ಇದನ್ನು ಎಷ್ಟೋ ಸಲ ಕಂಡಿದ್ದೇನೆ.

ಎರಡು ಷರತ್ತುಗಳನ್ನು ಶಾಲೆಯ ಮುಂದಿಡಿ. ಅದಕ್ಕೆಂದೇ ವೇಳಾಪಟ್ಟಿಯಲ್ಲಿ ಪೀರಿಯಡ್ ಇರಬೇಕು, ‘ಬಿಡುವಿದ್ದಾಗ ನೋಡಿಕೋ’ ಎನ್ನಬಾರದು. ಮತ್ತೆ, ವಿಷಯ ಬಾರದಿದ್ದರೂ ಪರವಾಗಿಲ್ಲ, ವಾರಕ್ಕೊಮ್ಮೆ ಒಬ್ಬ ಶಿಕ್ಷಕರು ಪಕ್ಕದಲ್ಲಿ ಕುಳಿತು ‘ಈ ವಾರ ಏನು ಕಲಿತೆ, ನನಗೆ ಹೇಳು’ ಎಂದು ಕೇಳಬೇಕು. ತಿಳಿಯದವರಿಗೆ ತಿಳಿಹೇಳುವಾಗ ಮಗುವಿಗೆ ತನ್ನ ಅರೆತಿಳಿವು ಎದ್ದು ಕಾಣುತ್ತದೆ.

ನನ್ನ ಮಗ ಮಾತೇ ಆಡುವುದಿಲ್ಲ. ಸಣ್ಣ ತರಗತಿಯಲ್ಲಿ ಅವನಿಗೆ ಕಷ್ಟವಾಗುವುದಿಲ್ಲವೇ?

ಮೊದಲ ಕೆಲವು ತಿಂಗಳು ಕಷ್ಟವಾಗುತ್ತದೆ, ಸುಳ್ಳು ಹೇಳಬಾರದು. ಹಿಂದಿನ ಬೆಂಚು ಎಂಬುದೇ ಇಲ್ಲದ ಕೋಣೆಯಲ್ಲಿ ಮೌನಿಗೆ ಅಡಗಲು ಜಾಗವಿಲ್ಲ. ಅಮೆರಿಕದ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿಯಲ್ಲಿ 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ದಾನಿಯ ನೆರವಿನಿಂದ ಒಂದು ಪದ್ಧತಿ ಬಂತು. ಅಂಡಾಕಾರದ ಒಂದೇ ಮೇಜು, ಅದರ ಸುತ್ತ ಹತ್ತು ಹನ್ನೆರಡು ವಿದ್ಯಾರ್ಥಿಗಳು, ಅವರ ನಡುವೆ ಶಿಕ್ಷಕ. ಪಾಠವೆಲ್ಲ ಮಾತುಕತೆಯಲ್ಲೇ ಸಾಗುತ್ತದೆ. ಇಂದಿಗೂ ಹಲವು ಶಾಲೆಗಳಲ್ಲಿ ಅದು ಆ ದಾನಿಯ ಹೆಸರಿನಲ್ಲೇ ನಡೆಯುತ್ತಿದೆ.

ಆದರೆ ಮೇಜು ದುಂಡಗಾದ ಮಾತ್ರಕ್ಕೆ ಮೌನಿ ಬಾಯಿ ಬಿಡುವುದಿಲ್ಲ. ನಾನು ಮಾಡುತ್ತಿದ್ದದ್ದು ಇಷ್ಟೇ: ಪ್ರಶ್ನೆ ಕೇಳಿದ ಮೇಲೆ ಎಲ್ಲರೂ ಎರಡು ನಿಮಿಷ ಹಾಳೆಯ ಮೇಲೆ ಬರೆಯಬೇಕು. ಆಮೇಲೆ ಮೌನಿಯ ಹಾಳೆಯಲ್ಲಿ ಒಳ್ಳೆಯ ಸಾಲೊಂದು ಕಂಡರೆ ‘ಇದನ್ನು ಓದಿಬಿಡು’ ಎನ್ನುತ್ತಿದ್ದೆ. ಓದುವುದು ಮಾತಾಡುವುದಕ್ಕಿಂತ ಸುಲಭ. ಓದುತ್ತ ಓದುತ್ತ ದನಿ ಏಳುತ್ತದೆ.

ಜಾಣ ಮಕ್ಕಳಿಂದ ಉಳಿದವರಿಗೆ ಪಾಠ ಹೇಳಿಸುತ್ತಾರೆ. ಇದು ಶಿಕ್ಷಕರ ಕೆಲಸವಲ್ಲವೇ?

ಹೇಳಿಸುವುದು ತಪ್ಪಲ್ಲ, ಅದರ ಹಿಂದೆ ಅಡಗಿಕೊಳ್ಳುವುದು ತಪ್ಪು. 18ನೆಯ ಶತಮಾನದ ಕೊನೆಯಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದರಾಸಿನ ಅನಾಥಾಲಯದ ಶಾಲೆಯಲ್ಲಿ ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಪದ್ಧತಿ ರೂಪಿಸಿದ. ಅದು ಇಂಗ್ಲೆಂಡಿಗೆ ಹೋಗಿ ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು. ನೂರಾರು ಮಕ್ಕಳಿಗೆ ಒಬ್ಬನೇ ಮಾಸ್ತರನಿದ್ದ ಕಾಲದ ಉಪಾಯ ಅದು. ಹದಿನೈದು ಮಕ್ಕಳಿರುವಲ್ಲಿ ಅದಕ್ಕೆ ಅಂಥ ಅನಿವಾರ್ಯ ಇಲ್ಲ. ಹೇಳಿಕೊಡುವ ಮಗು ವಾರಕ್ಕೆ ಅರ್ಧ ಗಂಟೆ ಹೇಳಿಕೊಡಲಿ, ಅದರಿಂದ ಅವನಿಗೂ ಗಟ್ಟಿಯಾಗುತ್ತದೆ. ಅದಕ್ಕಿಂತ ಹೆಚ್ಚಾದರೆ ಅವನ ಕಲಿಕೆಯ ಸಮಯವನ್ನು ಕಸಿದಂತೆ. ಅವನಿಗೂ ಕೈಗೆ ಸಿಗದ, ಬೆವರಿಳಿಸುವ ಲೆಕ್ಕಗಳನ್ನು ಕೊಡುವವರು ಬೇಕು.

ಒಬ್ಬರೇ ಶಿಕ್ಷಕರು ಮೂರು ವರ್ಷವೂ ಕಲಿಸಿದರೆ?

ವರವೂ ಆಗಬಹುದು, ಶಾಪವೂ ಆಗಬಹುದು. ಹೊಸ ವರ್ಷದ ಮೊದಲ ತಿಂಗಳು ಮಗುವನ್ನು ಅರಿಯುವುದರಲ್ಲಿ ಕಳೆಯಬೇಕಿಲ್ಲ, ಕಳೆದ ವರ್ಷ ನಿಲ್ಲಿಸಿದ ಜಾಗದಿಂದಲೇ ಹೊರಡಬಹುದು. ಇದು ವರ.

ಶಾಪವನ್ನು ನನ್ನಿಂದಲೇ ಹೇಳುತ್ತೇನೆ. ಒಬ್ಬ ಹುಡುಗನನ್ನು ಮೊದಲ ವರ್ಷವೇ ‘ಇವನಿಗೆ ರೇಖಾಗಣಿತ ಒಗ್ಗುವುದಿಲ್ಲ’ ಎಂದು ಮನಸ್ಸಿನಲ್ಲಿ ಬರೆದುಕೊಂಡೆ. ಎರಡನೆಯ ವರ್ಷ ಪ್ರಮೇಯಗಳನ್ನು ಬಿಡಿಸಲು ಅವನನ್ನು ಬೋರ್ಡಿಗೆ ಕರೆಯುತ್ತಲೇ ಇರಲಿಲ್ಲ. ನಾನು ಮೂರು ವಾರ ರಜೆಯಲ್ಲಿದ್ದಾಗ ತಾತ್ಕಾಲಿಕವಾಗಿ ಬಂದ ಶಿಕ್ಷಕಿ, ಅವನ ಹಿನ್ನೆಲೆ ಏನೂ ತಿಳಿಯದೆ, ಎಲ್ಲರಂತೆ ಅವನನ್ನೂ ಕರೆದರು. ಅವನು ಮಾಡಿದ. ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ಸಮಾಂತರ ರೇಖೆ ಎಳೆದು ತೋರಿಸಿದ ಎಂದು ಅವರು ನನಗೆ ಹೇಳಿದಾಗ ನನಗಾದ ನಾಚಿಕೆ ಇಂದಿಗೂ ಹಾಗೆಯೇ ಇದೆ. ಒಂದು ವರ್ಷ ಅವನಿಂದ ಕಿತ್ತುಕೊಂಡವನು ನಾನು. ಆಮೇಲಿನಿಂದ ಪ್ರತಿ ವರ್ಷಾರಂಭದಲ್ಲಿ ಹಳೆಯ ಟಿಪ್ಪಣಿಗಳನ್ನು ತೆಗೆಯುವ ಮುನ್ನ ಒಂದು ಹೊಸ ಕಿರುಪರೀಕ್ಷೆ ಕೊಡುವ ರೂಢಿ ಮಾಡಿಕೊಂಡೆ. ನಿಮ್ಮ ಮಗುವಿನ ಬಗ್ಗೆ ಶಿಕ್ಷಕರ ಅಭಿಪ್ರಾಯ ಹೆಪ್ಪುಗಟ್ಟಿದೆ ಎಂದು ಅನ್ನಿಸಿದರೆ ಸುಮ್ಮನಿರಬೇಡಿ. ಬಂದು ಮಾತಾಡಿ.

ಹನ್ನೆರಡು ಮಕ್ಕಳಲ್ಲಿ ಮೊದಲ ಸ್ಥಾನ ಬಂದರೆ ಅದಕ್ಕೆ ಬೆಲೆಯಿದೆಯೇ?

ಸ್ಥಾನಕ್ಕೆ ಬೆಲೆಯಿಲ್ಲ. ಸರಾಸರಿಗೂ ಅಷ್ಟೇ. ಹನ್ನೆರಡು ಮಕ್ಕಳಲ್ಲಿ ಹನ್ನೊಂದು ಮಂದಿ 72 ಅಂಕ ತೆಗೆದು, ಜ್ವರದಿಂದ ಎದ್ದು ಬಂದ ಒಬ್ಬಳು 12 ತೆಗೆದರೆ ತರಗತಿಯ ಸರಾಸರಿ 67ಕ್ಕೆ ಕುಸಿಯುತ್ತದೆ. ನೂರಿಪ್ಪತ್ತು ಮಕ್ಕಳಲ್ಲಿ ಅದೇ ಒಬ್ಬಳಿಂದ 71.5 ಆಗುತ್ತದೆ ಅಷ್ಟೇ. ಸಣ್ಣ ಶಾಲೆಯ ಫಲಿತಾಂಶ ಒಂದು ವರ್ಷ ಏರಿತು, ಒಂದು ವರ್ಷ ಇಳಿಯಿತು ಎಂದು ಶಾಲೆಯನ್ನು ಹೊಗಳುವುದೂ ತೆಗಳುವುದೂ ಅವಸರದ ಕೆಲಸ. ಐದಾರು ವರ್ಷಗಳ ಅಂಕಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿ. ಮಗುವಿನ ಅಂಕವನ್ನು ಅದರದೇ ಹಿಂದಿನ ಅಂಕದ ಜೊತೆ ಹೋಲಿಸಿ.

ಪರೀಕ್ಷೆಗೆ ಹೇಗೆ ಓದಿಸಬೇಕು?

ಓದಿದ್ದನ್ನೇ ಮತ್ತೆ ಮತ್ತೆ ಓದಿಸಬೇಡಿ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಕೆಲವರು ಅದನ್ನು ಮರಳಿ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮರಳಿ ಓದಿದವರೇ ಮುಂದು. ಒಂದು ವಾರದ ನಂತರ ಪರೀಕ್ಷಿಸಿದಾಗ ಮುಚ್ಚಿ ಬರೆದವರು ಮುಂದು. ಪರೀಕ್ಷೆಯ ಹಿಂದಿನ ರಾತ್ರಿ ಓದಿದವನಿಗೆ ‘ಎಲ್ಲ ಬರುತ್ತದೆ’ ಎನ್ನಿಸುವುದೂ, ವಾರ ಕಳೆದರೆ ಏನೂ ಉಳಿಯದಿರುವುದೂ ಇದೇ ಕಾರಣಕ್ಕೆ.

ಸಣ್ಣ ತರಗತಿಯಲ್ಲಿ ಪ್ರತಿ ಪೀರಿಯಡ್‌ನ ಮೊದಲ ಐದು ನಿಮಿಷ ಹಿಂದಿನ ವಾರದ ಮೂರು ಪ್ರಶ್ನೆ ಕೇಳಿ, ಅಲ್ಲೇ ನೋಡಿ ಮುಗಿಸಬಹುದು. ಅಂಕ ಬರೆದಿಡುವ ಅಗತ್ಯವಿಲ್ಲ. ಮನೆಯಲ್ಲಿ ನೀವೂ ಪುಸ್ತಕ ಮುಚ್ಚಿಸಿ ಒಂದು ಹಾಳೆ ಕೊಡಿ, ಅಷ್ಟು ಸಾಕು.

ಹೋಂವರ್ಕ್ ಎಷ್ಟಿರಬೇಕು?

ಶಿಕ್ಷಕರು ಮರುದಿನ ನೋಡಲಾಗುವಷ್ಟು. ನೋಡದ ಹೋಂವರ್ಕ್ ಕೊಡದಿರುವುದೇ ಮೇಲು.

ಆಟ, ಸಂಗೀತ, ನಾಟಕ?

ಪ್ರತಿಯೊಬ್ಬರಿಗೂ ಪಾತ್ರ ಸಿಗುತ್ತದೆ, ಏಕೆಂದರೆ ಪಾತ್ರಗಳಷ್ಟೇ ಮಕ್ಕಳಿರುತ್ತಾರೆ. ದೊಡ್ಡ ತಂಡ ಬೇಕಾಗುವ ಆಟಗಳಲ್ಲಿ ತರಗತಿಗಳನ್ನು ಬೆರೆಸಬೇಕಾಗುತ್ತದೆ.

ಇಲ್ಲಿಂದ ದೊಡ್ಡ ಕಾಲೇಜಿಗೆ ಹೋದರೆ ಮಗು ಕಂಗಾಲಾಗುವುದಿಲ್ಲವೇ?

ಕೆಲವರು ಆಗುತ್ತಾರೆ. ಹೆಸರು ಹಿಡಿದು ಕರೆಯುವ ಶಿಕ್ಷಕರಿಂದ ಇನ್ನೂರು ಜನರ ಉಪನ್ಯಾಸದ ಕೋಣೆಗೆ ಹೋಗುವುದು ಸುಲಭವಲ್ಲ. ಕೊನೆಯ ವರ್ಷದಲ್ಲಿ ನಾವು ಬೇಕೆಂದೇ ಕೈ ಹಿಂದಕ್ಕೆ ತೆಗೆಯಬೇಕು. ಬೋರ್ಡಿನ ಮೇಲೆ ಟಿಪ್ಪಣಿ ಬರೆಯದೆ ನಲವತ್ತು ನಿಮಿಷ ಮಾತಾಡಿ, ಮಕ್ಕಳೇ ಟಿಪ್ಪಣಿ ಮಾಡಿಕೊಳ್ಳುವಂತೆ ಮಾಡಬೇಕು. ಒಂದು ಅಧ್ಯಾಯವನ್ನು ಕಲಿಸದೆ ಬಿಟ್ಟು, ಅವರೇ ಓದಿ ಪರೀಕ್ಷೆ ಬರೆಯುವಂತೆ ಮಾಡಬೇಕು. ಮೊದಮೊದಲು ಸಿಟ್ಟು ಮಾಡಿಕೊಳ್ಳುತ್ತಾರೆ. ಕಾಲೇಜಿನಿಂದ ರಜೆಗೆ ಬಂದಾಗ ಅದೇ ಅಧ್ಯಾಯದ ಮಾತೆತ್ತುತ್ತಾರೆ.

ಶಾಲೆ ನೋಡಲು ಬಂದಾಗ ಏನನ್ನು ನೋಡಬೇಕು?

ಕಟ್ಟಡವನ್ನು ಆಮೇಲೆ ನೋಡಿ. ಮೊದಲು, ಅನುಮತಿ ಕೇಳಿ, ಮಧ್ಯಮ ಮಟ್ಟದ ಒಬ್ಬ ವಿದ್ಯಾರ್ಥಿಯ ಗಣಿತದ ಮತ್ತು ಭಾಷೆಯ ನೋಟ್‌ಪುಸ್ತಕಗಳನ್ನು ತೆಗೆಸಿ. ಜಾಣ ವಿದ್ಯಾರ್ಥಿಯದು ಬೇಡ. ತಪ್ಪಾದ ಉತ್ತರದ ಪಕ್ಕದಲ್ಲಿ ಬರೀ ಅಡ್ಡಗೆರೆ ಇದೆಯೇ, ತಪ್ಪು ಶುರುವಾದ ಸಾಲಿನ ಕೆಳಗೆ ಗುರುತು ಇದೆಯೇ ಎಂದು ನೋಡಿ. ಆಮೇಲೆ ಎರಡು ಪುಟ ಮುಂದೆ ತಿರುಗಿಸಿ, ಅದೇ ಬಗೆಯ ಲೆಕ್ಕ ಮತ್ತೆ ಬಂದಿದೆಯೇ, ಈ ಸಲ ಮಗು ಅದನ್ನು ಹೇಗೆ ಮಾಡಿದೆ ಎಂದು ನೋಡಿ.